ಎತ್ತದ ಕೈ

"ಹೇಡಿ ಕಣೋ ನೀನು. ಕೈ ಎತ್ತಿದೋರಿಗಿಂತ ಕಡೆ."

ಕಾರ್ಖಾನೆಯ ಕ್ಯಾಂಟೀನ್ ಸಾಲಿನಲ್ಲಿ ಎಲ್ಲರೆದುರು ಹೀಗೆಂದವಳು, ತಾಮ್ರದ ತಂತಿ ಕದ್ದನೆಂದು ಮೊನ್ನೆ ಕೆಲಸ ಕಳೆದುಕೊಂಡ ಕಾವಲುಗಾರನ ತಂಗಿ. ಅನ್ನಿಸಿಕೊಂಡವನು ವೆಲ್ಡರ್. ಹಿಂದೆ ತಟ್ಟೆ ಹಿಡಿದು ನಿಂತಿದ್ದ ಪ್ಯಾಕರ್‌ಗೆ ಕಿವಿ ಮುಚ್ಚಿಕೊಳ್ಳೋಣವೆಂದರೆ ಕೈ ಖಾಲಿ ಇರಲಿಲ್ಲ.

"ಅವನೇ ಕದ್ದ ಅನ್ನೋರು ಕೈ ಎತ್ತಿ ಅಂತ ಮ್ಯಾನೇಜರ್ ಅಂದಾಗ ನಾನೊಬ್ಬನೇ ಎತ್ತಲಿಲ್ಲ ಕಣಮ್ಮ."

"ದೊಡ್ಡ ಉಪಕಾರ. ಕಳುವಾದ ಹೊತ್ತಲ್ಲಿ ನಮ್ಮಣ್ಣ ಎಲ್ಲಿದ್ದ?"

"ನನ್ ಜೊತೇಲೇ. ಟೀ ಕುಡೀತಿದ್ವಿ."

"ಅದನ್ನ ಬಾಯಿಬಿಟ್ಟು ಹೇಳಿದ್ಯಾ?"

"ಅಷ್ಟೂ ಜನ ಕೈ ಎತ್ತಿದ್ರಲ್ಲ."

"ಹೋದ ವಾರ ಮನಸ್ಸಿನ ಸಂಶೋಧನೆ ಅಂತ ಬಂದಿದ್ದ ಮೇಡಂ, ಎಲ್ಲರೂ ಸುಳ್ಳು ಹೇಳಿದ್ರೆ ನೀನೇನ್ ಮಾಡ್ತೀಯ ಅಂತ ಕೇಳಿದಾಗ ಏನಂದೆ? ಊರೆಲ್ಲ ಒಂದಾದ್ರೂ ನಾನೊಬ್ಬ ಎದ್ದು ನಿಜ ಹೇಳ್ತೀನಿ ಅಂದ್ಯಲ್ಲ."

"ಎಲ್ಲರೂ ಹಂಗೇ ಅಂದ್ರು. ಅವತ್ತು ಎದುರಿಗೆ ಕೂತಿದ್ದು ಮೇಡಂ, ಮ್ಯಾನೇಜರ್ ಅಲ್ಲ."

"ಆಯ್ತು. ಮ್ಯಾನೇಜರ್ ಈಗ ರೂಮಲ್ಲೇ ಇದಾನೆ. ಬಾ, ನಾನೂ ಬರ್ತೀನಿ."

ವೆಲ್ಡರ್ ಖಾಲಿ ತಟ್ಟೆಯನ್ನು ಮೇಜಿನ ಮೇಲಿಟ್ಟ. ಮ್ಯಾನೇಜರ್ ರೂಮಿನ ಬಾಗಿಲ ಮುಂದೆಯೇ ಹಾದು, ಒಳಗೆ ಹೋಗದೆ, ಶೆಡ್ಡಿನ ಕಡೆ ನಡೆದುಹೋದ. ಅವನು ಬಿಟ್ಟ ಜಾಗಕ್ಕೆ ಎಲ್ಲರೂ ಒಂದು ಹೆಜ್ಜೆ ಮುಂದೆ ಸರಿದರು, ಪ್ಯಾಕರ್ ಕೂಡ.