ಚಾವಡಿ ಹೊಸ್ತಿಲದ ಗೆರಿ

ಕುಂತೇಬಿಟ್ಟಿಯಾ? ಇಲ್ಲೇ? ಏ ಕುರುಮಯ್ಯಾ, ನಮ್ಮೂರ ಬಾವಿ ಮುಂದ ಕೂಡಬ್ಯಾಡಲೇ ತಮ್ಮಾ! ಆ ಬೇವಿನ ಗಿಡದ ಆಚಿಗೆ ಹೋಗೂಣು ಏಳು. ಅಲ್ಲಿ ನೆಳ್ಳೂ ಐತಿ, ನೋಡವರೂ ಇಲ್ಲ… ಏಳಂಗಿಲ್ಲ? ಆತು ಬಿಡಪ, ಕೂಡು. ಹರಗೋಲು ಇಳದಾಗಿಂದ ನಡದು ನಡದು ನನ್ನ ಮೊಣಕಾಲೂ ಬಿದ್ದು ಹೋಗ್ಯಾವ. ಮಕ್ತಲ ಕಚೇರಿ ಏನು ಎಲ್ಲಿಗೂ ಓಡಿ ಹೋಗಂಗಿಲ್ಲ…

ಯಾಕ ನಗ್ತಿ? ಓಡಿ ಹೋಗೂದು ಅಂದೆ ಅಂತನಾ? ಬಾಯಿಗೆ ಬಂತಪ. ಬೇಕಂತ ಅಂದಿದ್ದಲ್ಲ.

ಕೈ ತಾ ಇಲ್ಲಿ, ಹಗ್ಗ ಸಡ್ಲ ಮಾಡ್ತೀನಿ. ಅಯ್ಯಯ್ಯ, ಕೆಂಪಗಾಗೇತಿ ನೋಡು. ಹೇಳಬಾರದಾ? ಬಾಯಿಲ್ಲೇನು ನಿನಗ? ಗದ್ವಾಲ ಕಡಿ ನಿನ್ನ ಕುರಿ ಹಟ್ಟಿಗೆ ಬಂದು ಹಗ್ಗ ತಗದಾಗಲೂ ಸುಮ್ಮನ ಕೈ ಚಾಚಿದಿ. ಹೊಳ್ಯಾಗೂ ಮಾತಿಲ್ಲ, ದಾರ್ಯಾಗೂ ಮಾತಿಲ್ಲ. ಒಂದ ಬೈಗುಳ ಬೈದಿದ್ರ ನನಗ ಹಗುರ ಆಗ್ತಿತ್ತು. ಈ ಕಟ್ಟಿ ತರೂದು ನನ್ನ ಮನಸಿಂದಲ್ಲ ತಮ್ಮಾ. ಪೊಲೀಸ ಠಾಣೇದ ಹೊಸಾ ಅಮೀನಸಾಬ ಹೇಳಿದ್ದು. "ಒಂದ ಸರ್ತಿ ಓಡಿದಾಂವ ಇನ್ನೊಂದ ಸರ್ತಿ ಓಡ್ತಾನ, ಬಿಗಿದು ತಾ" ಅಂದ. ನಾ ಊರ ತಳವಾರ. ನಿಜಾಮಂದು ಇದ್ದಾಗ ನಿಜಾಮನ ಮಾತು, ಈಗ ದಿಲ್ಲಿಯವರ ಮಾತು. ಕೋಲು ಅದ ಕೋಲು, ಕೈನೂ ಅದ ಕೈ.

ಆದ್ರ ನೀನ ಹೇಳು, ಇದೆಂಥಾ ನ್ಯಾಯಪ? ಹೋದ ಮಳಿಗಾಲದಾಗ ಆ ಹಳೇ ಅಮೀನನ ಜವಾನರು ನಿನ್ನ ಹಟ್ಟಿಗೆ ನುಗ್ಗಿ, ಬೀರಪ್ಪನ ಹೆಸರಿಲೆ ಬಿಟ್ಟ ಟಗರು ಎಳಕೊಂಡು ಹೊಂಟ್ರು. ಊಟಕ್ಕಂತ! ದೇವರ ಟಗರು! ನೀ ಕಸಗೊಂಡಿ. ಒಬ್ಬಾವನ್ನ ದಬ್ಬಿದಿ. ಹೂಂ, ನಾ ನೋಡೀನಿ, ಕುರಿ ಹಿಕ್ಕಿ ಗುಂಪಿನ್ಯಾಗ ಮಕ ಅಡಿ ಮಾಡಿ ಬಿದ್ದ ಅಂವ… ಹ್ಹ ಹ್ಹ… ಸರಕಾರದ ಮ್ಯಾಲ ಕೈ ಎತ್ತಿದಿ ಅಂತ ಹಿಡದು ನಮ್ಮೂರ ಚಾವಡ್ಯಾಗ ಕೂಡಿಸಿದ್ರು. ಆ ಕೇಸು ಈಗಿಲ್ಲ. ಹೊಸಾ ಸರಕಾರದವರು ಹೊಡದ್ಹಾಕ್ಯಾರ. ಅದು ಜುಲುಮಿನ ಕೇಸು, ನಿನ್ನ ಹಿಡದದ್ದ ತಪ್ಪು ಅಂತಾರ. ಛಲೋ! ಆದ್ರ ಹಿಡದದ್ದೂ ತಪ್ಪು, ಓಡಿದ್ದೂ ತಪ್ಪು! ಹ್ಯಾಂಗಪ ಇದು?

ನಾ ಕೇಳೀನಿ. ನಿನ್ನ ಪರವಾಗಿ ಕೇಳೀನಿ, ಬೀರಪ್ಪನಾಣಿ… ಅಲ್ಲ, ಆಣಿ ಬ್ಯಾಡ ಬಿಡು. ಕೇಳೀನಿ. "ಸಾಬ, ಕಟುಕನ ಕೈಯಾಗಿಂದ ಕುರಿ ಕೊಸರಿಕೊಂಡ್ರ ಕುರೀದೇನು ತಪ್ಪು?" ಅಂದೆ. ಅಂವ ಕರ್ನೂಲ ಕಡ್ಯಾಂವ, ಶಾಣ್ಯಾ. ನಕ್ಕ. "ಏ ಮೊಗುಲಪ್ಪ, ನನ್ನ ಹಿಡದದ್ದು ಅನ್ಯಾಯ ಅಂತ ಎಲ್ಲಾ ಕಳ್ಳರೂ ಅಂತಾರ. ನ್ಯಾಯನೋ ಅನ್ಯಾಯನೋ ಅಂತ ಒಳಗ ಕುಂತಾಂವ ತಾನ ತೀರ್ಪು ಮಾಡಿದ್ರ, ಹೊರಗ ನಾವು ಯಾಕಿರಬೇಕು? ಸರಕಾರ ಯಾವುದರ ಇರಲಿ, ಕೂಡಿಸಿದಲ್ಲಿ ಕೂಡಬೇಕು" ಅಂದ. ಅದೂ ಖರೆ ಅನಸ್ತು. ಹಗ್ಗ ತಗೊಂಡು ಹೊಂಟು ಬಂದೆ.

ಅಂವಗ ಕೊಡೂ ಉತ್ತರ ಈಗ ಹೊಳೀತದ. ಕೂಡಿಸಿದವರು ಎಲ್ಲಿದ್ರಪ ಅವತ್ತು? ದಿಲ್ಲಿ ದಂಡು ಬಂತು, ರಾಯಚೂರು ಹೋತು ಅಂತ ಸುದ್ದಿ ಬಂದದ್ದ ತಡ, ಹಳೇ ಅಮೀನ ಉಂಬೋ ತಾಟು ಬಿಟ್ಟು ಕುದರಿ ಹತ್ತಿದ. ಜವಾನರು ಪಟಕಾ ಕಿತ್ತೊಗದು ಹೊಲ ಬಿದ್ದ್ರು. ಅವರು ಓಡಿದ್ದು ಗುನ್ಹೆ ಅಲ್ಲ! ರಜಾಕಾರರು ಹೋಗ್ತಾ ಹೋಗ್ತಾ ಚಾವಡ್ಯಾಗ ಇದ್ದವರನ್ನ ಮುಗಿಸಿ ಹೊಂಟಾರ ಅಂತ ಸುದ್ದಿ. ಖರೇನೋ ಸುಳ್ಳೋ, ಯಾರು ಕಂಡಿದ್ರು? ಮಳಿ ಬೀಳಾಕ ಹತ್ತಿತ್ತು. ನೀ ಒಳಗ ಕಂಬಳಿ ಹೊಚಗೊಂಡು ಕುಂತಿದ್ದಿ. ಕುಂತಾಂವ ಕುಂತಲ್ಲೇ ಹೆಣ ಆಗ್ತಿದ್ದಿ. ಓಡಿದ್ದು ಛಲೋ ಆತು. ನಾನಂತೂ ಅದನ್ನ ಗುನ್ಹೆ ಅನ್ನಂಗಿಲ್ಲ.

ಏನು ನೋಡ್ತಿ? ನನ್ನ ಹಣೀನಾ?

ಈ ಕಲಿ… ಹೂಂ, ಮಾದೇತಿ ಈಗ. ಅದನ್ನ ನಾ ಮನಸಿನ್ಯಾಗ ಇಟಗೊಂಡಿಲ್ಲ ಬಿಡು. ಜೀವ ಉಳಿಸಿಕೊಳ್ಳಾಂವ ಕೈಗೆ ಸಿಕ್ಕಿದ್ದರಿಂದ ಹೊಡೀತಾನ… ಯಾಕ ಹಂಗ ಹುಬ್ಬ ಎತ್ತತಿ? ನೀ ಹೊಡದಿ ಅಂತ ನಾ ಎಲ್ಲಿ ಅಂದೆ? ನನ್ನ ಹೆಸರಿಲೆ ಬರದ ಬಯಾನದಾಗ ಹಂಗೈತಿ ಅಂದೆ. ಬಯಾನ ಬರದವರು ಕಚೇರಿಯವರು. "ಬಾಗಲ ಹಲಗಿ ಒದ್ದು, ತಳವಾರನ ಹಣಿಗೆ ಬಡದು, ಫರಾರಿ ಆದ"… ಓದಿ ಹೇಳಿದ್ರು, ನಾ ಹೂಂ ಅಂದೆ. ಅಷ್ಟ! ಹೂಂ ಅನ್ನೂದೂ ಒಂದ ಮಾತಾ? ಎಮ್ಮಿನೂ ಹೂಂ ಅಂತೈತಿ.

ಅಯ್ಯ, ಮತ್ತ ಹಣಿ ಮುಟಗೊಂಡೆ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಿಕೊಂಡಂಗ…

ಆ ಕಡಿ ನೋಡಬ್ಯಾಡ. ಪೆಂಟಮ್ಮ ಓಣಿ ಹೆಣ್ಣಮಕ್ಕಳ ಜೋಡಿ ಬರಾಕ ಹತ್ತ್ಯಾಳ ಕೊಡ ತಗೊಂಡು. ಅದಕ ಇಲ್ಲಿ ಕೂಡಬ್ಯಾಡ ಅಂದೆ. ನೋಡು, ಮಕ ಹೊಳ್ಳಿಸಿದ್ಲು. ನಿನ್ನ ಮಗಳು ಜಮ್ಮುಲಮ್ಮನ್ನ ಸೊಸಿ ಮಾಡಕೊಂತೀನಿ ಅಂತ ಮಂದಿ ಮುಂದ ಸೀರಿ ಉಡಿಸಿದಾಕಿ. ಈಗ ಆ ಹುಡುಗಿ ನೀರಿಗೆ ಬಂದ್ರ ಆಕಿ ಹಗ್ಗ ಮೇಲೆತ್ತಿಕೊಂಡು ಸರಿದು ನಿಂದರ್ತಾಳ. "ಭಂಡಾರ ದಾಟಿದಾವನ ಮಗಳು" ಅಂತ. ನಾ ನನ್ನ ಕಿವಿಲೆ ಕೇಳೀನಿ.

ಹೊಸಾ ಅಮೀನಗ ಇದು ತಿಳಿಯಂಗಿಲ್ಲ. ಅಂವಗ ಬೀಗ ಗೊತ್ತು, ಸರಪಳಿ ಗೊತ್ತು. ನಮ್ಮ ಚಾವಡಿಗೆ ಬೀಗ ಎಲ್ಲಿತ್ತು? ಗೆದ್ದಲ ತಿಂದ ಒಂದ ಹಲಗಿ. ನಿಮ್ಮ ಕುರುಬರ ಮಂದಿನ ಕೂಡಿಸಾಕ ಬೀಗ ಬೇಕಿದ್ದಿಲ್ಲ. ಹೊಸ್ತಿಲಕ ಬೀರಪ್ಪನ ಭಂಡಾರದಿಂದ ಒಂದ ಗೆರಿ ಎಳದ್ರ ಮುಗೀತು. ನಮ್ಮಪ್ಪನೂ ಎಳೀತಿದ್ದ, ನಮ್ಮಜ್ಜನೂ ಎಳೀತಿದ್ದ. ಒಳಗಿನಾಂವ ಅದನ್ನ ದಾಟಂಗಿಲ್ಲ, ತಾನ ಒರಸಂಗೂ ಇಲ್ಲ. ಹೊರಗಿನಾಂವ ನಾಕ ಮಂದಿ ಮುಂದ ಒರಿಸಿ, ಅದ ಭಂಡಾರ ಅವನ ಹಣಿಗೆ ಹಚ್ಚಿ, ಬಾರಪ ಅಂದ್ರ ಬಿಡುಗಡಿ. ದಾಟಿದಾಂವಗ ಗುಡಿ ಕಟ್ಟಿ ಇಲ್ಲ, ಡೊಳ್ಳಿಲ್ಲ, ಬೀಗತನ ಇಲ್ಲ. ಅಮೀನಗ ಅದು ಬರೇ ಅರಿಶಿಣ ಪುಡಿ. ನಿನಗ ಅದು ಗ್ವಾಡಿಗಿಂತ ಗಟ್ಟಿ. ಕಚೇರಿ ಕೊಡೂ ಸಜಾ ಇವತ್ತಲ್ಲ ನಾಳೆ ಮುಗೀತದ. ಇದು ಮುಗಿಯಂಗಿಲ್ಲ…

ಸಾಕು. ಬಿಸಲು ಭಾಳ ಆತು. ಕೇಳು ಇಲ್ಲಿ, ಸಣ್ಣ ದನ್ಯಾಗ ಹೇಳ್ತೀನಿ. ಹಗ್ಗ ಪೂರ್ತಿ ಬಿಚ್ಚೀನಿ, ನೋಡಿದಿಯಾ? ನಾ ಈಗ ಬಾವಿಗೆ ಹೋಗಿ ನೀರ ಕುಡೀತೀನಿ. ನಿಧಾನಕ ಕುಡೀತೀನಿ. ನನ್ನ ಬೆನ್ನು ಈ ಕಡಿ ಇರ್ತೈತಿ. ಆ ಕಡಿ ಹಿಂಗಾರಿ ಜ್ವಾಳ ಆಳೆತ್ತರ ನಿಂತೈತಿ. ಅದರಾಗ ಬಿದ್ರ ಆನಿನೂ ಕಾಣಂಗಿಲ್ಲ. ಹೊಳಿ ದಾಟು, ಅಲಂಪುರ ಕಡಿ ಹೋಗು, ಅಲ್ಲಿಂದ ಕರ್ನೂಲ ಎಷ್ಟ ದೂರ? ಹಟ್ಟಿ ಕುರಿ ನಾ ನೋಡಕೊಂತೀನಿ. ಅಮೀನಗ ಹೇಳ್ತೀನಿ, ಕೊಸರಿಕೊಂಡು ಹೋದ ಅಂತ. ನಿನ್ನ ಸಲುವಾಗಿ ಬೈಗುಳ ತಿಂತೀನಿ. ಅಣ್ಣ ಅಂತಿದ್ದಿ ನನಗ. ಅಷ್ಟರ ಮಾಡಬ್ಯಾಡೇನು? ಹೋಗು ತಮ್ಮಾ. ಹೋಗು…

…

ಹಾ… ಜೀವ ತಂಪಾತು. ಪೆಂಟಮ್ಮ ನೀರ ಹಾಕಿದ್ಲು. ಈ ಬಾವಿ ನೀರು ಬೆಲ್ಲ ಕಲಸಿದಂಗ… ಅಯ್ಯ! ಇಲ್ಲೇ ಅದೀಯಾ!

ಹುಚ್ಚ ಹಿಡದೈತೇನಲೇ ನಿನಗ? ಎಷ್ಟೊತ್ತು ಕುಡೀಬೇಕು ನಾ ನೀರು? ಹೊಟ್ಟಿ ಡೊಳ್ಳಾತು! ಒಳ್ಳೇದ ಮಾಡಾಕ ಹೋದ್ರ ಹಿಂಗ ಹೊಲದ ಬೆಚ್ಚಿನಂಗ ಕುಂತಿ. ಏಳು! ಓಡು! ಈಗರ ಓಡು, ನಾ ಕಣ್ಣ ಮುಚಗೊಂತೀನಿ…

ಇದೇನಿದು? ನಿನ್ನ ಕಾಲ ಮುಂದ… ಹಳದಿ…

ಭಂಡಾರ. ಸೊಂಟದ ಚೀಲದಾಗಿಂದ ತಗದಿಯಾ? ನಿನ್ನ ಸುತ್ತ ನೀನ ಎಳಕೊಂಡಿಯಾ ಗೆರಿ? ನಾ ಹಗ್ಗ ಬಿಚ್ಚಿದ್ರ ನೀ ಇದನ್ನ ಕಟಗೊಂಡಿಯಾ?

ಹಂಗ ನೋಡಬ್ಯಾಡ ತಮ್ಮಾ. ಬೈಯಿ. ಹೊಡಿ. ಹಂಗ ನೋಡಬ್ಯಾಡ.

ತಿಳೀತು ನಿನಗ. ಆ? ಮೊದಲ ತಿಳದಿತ್ತು. ನಿನ್ನ ಸಲುವಾಗಿ ಅಲ್ಲ… ನನ್ನ ಸಲುವಾಗಿ ಓಡಂದೆ. ನೀ ಓಡಿದ್ರ ಕಚೇರ್ಯಾಗ ನಿನ್ನ ಮಕ ನೋಡಿ ನಾ ಸಾಕ್ಷಿ ಹೇಳೂದು ತಪ್ತಿತ್ತು. ಈಗ ಓಡ್ಯಾನಂದ್ರ ಅವತ್ತೂ ಓಡ್ಯಾನ ಅಂತ ಎಲ್ಲಾರೂ ನಂಬತಿದ್ರು. ನನ್ನ ಸುಳ್ಳಿಗೆ ನಿನ್ನ ಕಾಲು ಕೇಳೀನಪ. ಥೂ ನನ್ನ ಜನ್ಮಕ್ಕ!

ಅವತ್ತು ನೀ ಏಳಲಿಲ್ಲ. ಹಲಗಿ ತಗದ ಇತ್ತು, ಜವಾನರಿಲ್ಲ, ಅಮೀನ ಇಲ್ಲ, ನೀ ಏಳಲಿಲ್ಲ. "ಗೆರಿ ಐತಿ ಮೊಗುಲಣ್ಣಾ" ಅಂದಿ. ಜೀವ ಹೋಗೂ ಹೊತ್ತಿನ್ಯಾಗ ಗೆರಿ ಐತಿ ಅಂದಿ! ನಾನ ಬಗ್ಗಿ ಒರಸಿದೆ, ಈ ರುಂಬಾಲದ ಸೆರಗಿಲೆ. ನಾಕ ಮಂದಿ ಎಲ್ಲಿದ್ರು ನೋಡಾಕ? ಊರೆಲ್ಲಾ ಹೊಲಾ ಬಿದ್ದಿತ್ತು. ನಿನ್ನ ಹಣಿಗೆ ಹಚ್ಚಿ, ಹೋಗಪ ಅಂದೆ. ಅಷ್ಟ ಅಂದು ಬಿಟ್ಟಿದ್ರ ನಾ ದೊಡ್ಡ ಮನಶಾ ಆಗ್ತಿದ್ದೆ…

ಆಮ್ಯಾಲ ಅಂಜಿಕಿ ಬಂತು. ಕೈದಿನ ಬಿಟ್ಟ ತಳವಾರಗ ಇನಾಮ ಹೊಲ ಹೋಗ್ತೈತಿ, ಅಂವನ್ನೂ ಒಳಗ ಹಾಕ್ತಾರ. ನಿನ್ನ ಕೈ ಹಿಡದು ಭಂಡಾರ ಮುಟ್ಟಿಸಿದೆ. "ಒರಸಿದಾಂವ ನಾ ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ" ಅಂದೆ. ನೀ ಮುಟ್ಟಿದಿ.

ಮುಟ್ಟಿದಿ… ಅದಕನಾ? ಅದಕ ಮಾತಾಡವಲ್ಲಿಯಾ?

ನಾ ಸಿಟ್ಟು ಅನಕೊಂಡಿದ್ದೆ. ಸೊಕ್ಕು ಅನಕೊಂಡಿದ್ದೆ. ನಿಮ್ಮ ಮಂದಿ ಗುಡಿ ಕಟ್ಟಿಯಿಂದ ಇಳಿಸಿದಾಗ ಬಾಯಿ ಬಿಡಲಿಲ್ಲ, ಮಗಳ ಮದವಿ ಮುರದಾಗ ಬಿಡಲಿಲ್ಲ, ಮಗಳನ್ನ ಇಲ್ಲೇ ಬಿಟ್ಟು ಗದ್ವಾಲ ಕಡಿ ಹೋದಿ. ದಿನಾ ರಾತ್ರಿ ಅನಕೊಂತಿದ್ದೆ, ಖರೆ ಇದ್ರ ಅಂವನ ಹೇಳ್ತಿದ್ದ ಬಿಡು ಅಂತ. ಅಂವ ಸುಮ್ಮನಿದ್ರ ನಂದೇನು ತಪ್ಪು ಅಂತ… ನಿನ್ನ ಬಾಯಿ ಕಟ್ಟಿದಾಂವ ನಾನ. ಕಟ್ಟಿದ್ದ ಮರತಂಗ ಮಾಡಿದೆ.

ಆಣಿ ಹಾಕಿಸಿದಾಂವ ತಾನ ಬಿಡಿಸಬೇಕು, ಗೊತ್ತು. ನಾ ಒರಸಬೇಕು, ಗೊತ್ತು. ಆದ್ರ ಮಂದಿ ಮುಂದ… ತಮ್ಮಾ, ಸುಮ್ಮನ ಒರಿಸಿ ಬಿಡ್ಲಾ? ಯಾರೂ ನೋಡದಂಗ? ಆ? …ಇಲ್ಲ. ಕಾಲ ತಗೀವಲ್ಲಿ ನೀ. ಹಂಗ ಒರಸಿದ್ರಿಂದನ ಇಷ್ಟೆಲ್ಲಾ ಆತಲ್ಲ.

ಪೆಂಟಮ್ಮಾ! ಏ ಪೆಂಟಮ್ಮಾ! ಕೊಡ ಇಳುವು, ಹೊಳ್ಳಿ ನೋಡವ್ವ! ನೀವೂ ಬರ್ರೆವ್ವಾ, ಎಲ್ಲಾರೂ ಬರ್ರಿ ಇತ್ಲಾಗ. ನೋಡ್ರಿ, ಈ ಗೆರಿ ನಾ ಒರಸಾಕ ಹತ್ತೀನಿ. ಚಾವಡಿ ಹೊಸ್ತಿಲದ್ದೂ ನಾನ ಒರಸಿದ್ದು! ಕುರುಮಯ್ಯ ದಾಟಿಲ್ಲ! ಹಣಿನೂ ಇಂವ ಒಡದಿಲ್ಲ, ಚಾವಡಿ ಮೆಟ್ಟಲದಾಗ ಜಾರಿ ಬಿದ್ದು ನಾನ ಒಡಕೊಂಡೀನಿ, ಓಡಾಗ! ಹೂಂ, ನಾನೂ ಓಡೀನಿ ಅವತ್ತು. ಅಮೀನ ಓಡ್ಯಾನ, ಜವಾನರು ಓಡ್ಯಾರ, ತಳವಾರ ಓಡ್ಯಾನ. ಕೂಡಿಸಿದವರೆಲ್ಲಾ ಓಡೀವಿ. ಕುಂತಾಂವ ಇವನೊಬ್ಬನ! … ಸುಮ್ಮನ ಅಳಬ್ಯಾಡವ್ವ ಪೆಂಟಮ್ಮ. ಆ ಹುಡುಗಿ ಮನಿಗೆ ಹೋಗಿ ಅಳು.

ಹಣಿ ತಾ ತಮ್ಮಾ. ಸ್ವಲ್ಪ ಮುಂದ ಬಾಗು… ಹುಬ್ಬಿಗೂ ಹತ್ತೇತಿ. ಇರಲಿ. ಏಳು ಈಗ. ಏನಿದ್ರೂ ಮಕ್ತಲದಾಗ ಅಂದಿಯಂತ. ಆಣಿ ಬಿಡಿಸೀನಿ.

ತಡಿ, ಹಗ್ಗ ಬಿಟ್ಟು ಹೊಂಟಿ. ತಗೋ… ಅಲ್ಲಪ, ನಿನಗ ಕಟ್ಟಾಕ ಅಲ್ಲ. ನೀ ಹಿಡಕೋ. ಇಲ್ಲಿ ಹೆಣ್ಣಮಕ್ಕಳ ಮುಂದ ಅಂದಷ್ಟು ಹಗುರ ಅಲ್ಲ ಅಮೀನನ ಮುಂದ ಅನ್ನೂದು. ದಾರಿ ದೂರ ಐತಿ, ನನ್ನ ಗುಂಡಿಗಿ ನನಗ ಗೊತ್ತು. ಜ್ವಾಳದ ಹೊಲ ಎರಡೂ ಕಡಿ ಅದಾವ. ನಾ ಓಡಾಕ ಹತ್ತಿದ್ರ, ಬಿಡಬ್ಯಾಡ.