ಎಣ್ಣಿ ಹಚ್ಚಿದ ಗುಂಡುಕಲ್ಲು

ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ಕೊಟ್ಟೂರು ಬಸ್ಸಿಗೆ ಕಾಯುತ್ತಿದ್ದೆ. ಗುಡೇಕೋಟೆಯಲ್ಲಿ ಹದಿನೈದು ವರ್ಷ ಗುಂಡುಕಲ್ಲು ಎತ್ತಿ ಗೆದ್ದ ಬೆನಕಪ್ಪ, ಕಾಲಿನ ಹೆಬ್ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು ಪಕ್ಕದಲ್ಲೇ ಕುಳಿತಿದ್ದ. ಜೊತೆಗೆ ಹೆಂಡತಿ ದಾಕ್ಷಾಯಣಮ್ಮ.

“ಈ ಸಲ ಆ ಹಂಪೇಶ ಗೆದ್ದ. ಇನ್ನ ಊರಾಗ ಹೆಂಗ ತಿರುಗಾಡ್ಲಿ?”

“ಕುಂಟ್ಕೊಂತ ತಿರುಗಾಡ್ರಿ.”

“ಕಲ್ಲು ಜಾರಿತಲೇ! ಪೂಜಿ ಮಾಡಿದಾಕಿ ನೀನು. ಎಣ್ಣಿ ಹಚ್ಚಿದ್ದೇನು?”

“ಹಚ್ಚಿದ್ದೆ.”

“ಎತ್ತೋ ಕಲ್ಲಿಗೆ ವಿಭೂತಿ ಅಷ್ಟ ಹಚ್ಚಬೇಕು. ಎಣ್ಣಿ ಹಚ್ಚಿದ್ರ ಹಿಡಿತ ಸಿಗಂಗಿಲ್ಲ ಅಂತ ಗೊತ್ತಿಲ್ಲೇನು?”

“ಗೊತ್ತಿತ್ತು. ಅದಕ್ಕ ಹಚ್ಚಿದ್ದು. ಹರ್ನಿಯಾ ಐತಿ, ಭಾರ ಎತ್ತಿದ್ರ ಜೀವಕ್ಕ ಬರ್ತೈತಿ ಅಂತ ಡಾಕ್ಟರು ಹೇಳಿದ್ದು ನಿಮಗೋ, ಗೋಡಿಗೋ?”

ಬೆನಕಪ್ಪ ಬಗ್ಗಿ ಬ್ಯಾಂಡೇಜು ಸರಿಮಾಡಿಕೊಂಡ. ದಾಕ್ಷಾಯಣಮ್ಮನೇ ಮಾತು ಮುಂದುವರಿಸಿದಳು:

“ಕಲ್ಲು ನೆಲಾನ ಬಿಡಂಗಿಲ್ಲ ಅಂದ್ಕೊಂಡಿದ್ದೆ. ನೀವು ನೋಡಿದ್ರ ಮೈಗೆ ಅವಚ್ಕೊಂಡು ಮೊಣಕಾಲ ಮಟ ಎತ್ತಿಬಿಟ್ರಿ.”

“ಎಣ್ಣಿ ಹಚ್ಚಿದ ಕಲ್ಲು?”

“ಹೂಂ. ಅರ್ಧ ಬಟ್ಟಲ ಎಣ್ಣಿ.”

ಅಷ್ಟರಲ್ಲಿ ಅವರ ಬಸ್ಸು ಬಂತು. ಬೆನಕಪ್ಪ ಹೆಂಡತಿಯ ಹೆಗಲು ಹಿಡಿದು, ಎದೆ ಉಬ್ಬಿಸಿಕೊಂಡೇ ಹತ್ತಿದ. ಬಸ್ಸು ಹೊರಟಾಗ ಕಿಟಕಿಯಿಂದ ಅವನ ದನಿ ಕೇಳಿತು:

“ಕಂಡಕ್ಟರ್ ಸಾಹೇಬ್ರ, ಒಂದು ಲೀಟರ್ ಎಣ್ಣಿ ಹಚ್ಚಿದ ಕಲ್ಲು ರೀ! ಬೇಕಾದ್ರ ಈಕೀನ್ನ ಕೇಳ್ರಿ.”