ಹಿಂದಿನ ಖೋಲಿಯ ವೈರಿನ ತುದಿ

ರಾತ್ರಿ ಹನ್ನೊಂದು ಹೊಡೆದಿತ್ತು. ಕಕ್ಕೇರಾದ ಹಳೆ ಬಾವಿಯ ಹತ್ತಿರ ಇಬ್ಬರು ನಡೆದು ಬರುತ್ತಿದ್ದರು. ಮುಂದೆ ಬ್ಯಾಟರಿ ಹಿಡಿದ ತಾಯಪ್ಪ, ಹಿಂದೆ ಅವನ ತಂಗಿ ಪರಿಮಳಾ. ಪರಿಮಳಾ ಬೇರೆ ಯಾರೂ ಅಲ್ಲ, ನಮ್ಮ ಸೋದರತ್ತೆಯ ಮಗಳು. ಊರಾಡಿ ಬಂದ ಸುದ್ದಿಯಲ್ಲ ಇದು, ಅವಳ ಬಾಯಿಂದಲೇ ಕೇಳಿದ್ದು.

ಅವಳು ಹೆಜ್ಜೆಗೊಮ್ಮೆ ಬೆರಳು ಮೂಸುತ್ತಿದ್ದಳು. ಮೂರು ಸಲ ಸೋಪು ಹಚ್ಚಿ ತೊಳೆದರೂ ಇಲಿ ಉಚ್ಚೆಯ ವಾಸನೆ ಹೋಗಿರಲಿಲ್ಲ.

“ಆತೇನು ಕೆಲಸ?” ತಾಯಪ್ಪ ಪಿಸುದನಿಯಲ್ಲಿ ಕೇಳಿದ.

“ಇಲ್ಲಣ್ಣ.”

“ಮತ್ತ ನಾಳಿ?”

ಅವಳಿಗೂ ನಾಳೆಯದೇ ಚಿಂತೆ. ಗಂಡ ದೇವಿಂದ್ರ ಹೈದರಾಬಾದಿನಲ್ಲಿ ಕಟ್ಟಡ ಕೆಲಸಕ್ಕಿದ್ದ. ಶಾಂತಪ್ಪ ಸಾಹುಕಾರನ ಕಂಪ್ಯೂಟರ್ ಕ್ಲಾಸಿನಲ್ಲಿ ಅವಳಿಗೆ ಟೀಚರ್ ಕೆಲಸ ಸಿಗದಿದ್ದರೆ ಸೋಮವಾರ ಅವಳೂ ಗಂಡನ ಹಿಂದೆ ಹೋಗಬೇಕು. ಅಲ್ಲಿಯ ಮೇಸ್ತ್ರಿ ಕೂಸಿನ ತಾಯಂದಿರನ್ನು ಕೆಲಸಕ್ಕೆ ಸೇರಿಸುವುದಿಲ್ಲ. ಹನ್ನೊಂದು ತಿಂಗಳ ಮಗಳು, ಇನ್ನೂ ಎದೆ ಹಾಲು ಬಿಟ್ಟಿಲ್ಲ. ಅವಳನ್ನು ತನ್ನ ತಾಯಿಯ ಮಡಿಲಿಗೆ ಹಾಕಿ ಹೋಗಬೇಕು.

ಸಾಹುಕಾರನ ಕ್ಲಾಸಿಗೆ ಪರೀಕ್ಷಾ ಕೇಂದ್ರದ ಮಂಜೂರಿ ಬೇಕಾಗಿತ್ತು, ಅದು ಸಿಕ್ಕರೇ ಅವಳಿಗೆ ಕೆಲಸ. ನಾಳೆ ಹನ್ನೊಂದಕ್ಕೆ ಯಾದಗಿರಿಯಿಂದ ಸಾಹೇಬರು ಬರುವವರಿದ್ದರು. ಎಲ್ಲ ಕಂಪ್ಯೂಟರು ಒಂದೇ ಲೈನಿನಲ್ಲಿರಬೇಕು, ಯಾವುದರ ಮುಂದೆ ಕೂತು ಬಡಿದರೂ ಒಂದೇ ಪ್ರಿಂಟರಿನಲ್ಲಿ ಕಾಗದ ಬರಬೇಕು. ಇದು ಶರತ್ತು. ಸಾಹುಕಾರ ಇಟ್ಟಿದ್ದು ಎಂಥವು? ಗುಜರಿಗೆ ಹಾಕುವಂಥ ಆರು ಡಬ್ಬಿ. ಎರಡರಲ್ಲಿ ತೊಂಬತ್ತೆಂಟನೇ ಇಸವಿಯ ವಿಂಡೋಸ್, ಎರಡರಲ್ಲಿ ಎಕ್ಸ್‌ಪಿ, ಒಂದರಲ್ಲಿ ಲಿನಕ್ಸ್, ಇನ್ನೊಂದು ಯಾವುದೋ ಮುಚ್ಚಿದ ಪ್ರೆಸ್ಸಿನಿಂದ ತಂದ ಹಳದಿ ಬಿದ್ದ ಆಪಲ್. ಒಂದರ ಮಾತು ಒಂದಕ್ಕೆ ತಿಳಿಯದು. ಮುಚ್ಚಳ ಬಿಚ್ಚಿದರೆ ಒಳಗೆ ಜಿರಲೆ ಹಿಕ್ಕೆ, ಹಲ್ಲಿ ಮೊಟ್ಟೆ, ಮೂಲೆಯಲ್ಲಿ ಒಣಗಿ ಚಪ್ಪಟೆಯಾದ ಇಲಿಮರಿ. ಪರಿಮಳಾ ಮೂಗಿಗೆ ಓಢಣಿ ಕಟ್ಟಿಕೊಂಡು ಅದನ್ನೆಲ್ಲ ಬಳಿದು ತೆಗೆದು, ಆರಕ್ಕೂ ಒಂದೇ ಮಾತು ಕಲಿಸಿದ್ದಳು.

ಅಷ್ಟು ಮಾಡಿದವಳಿಗೆ ಸಾಹುಕಾರನ ಹೆಂಡತಿ ಸೂಗಮ್ಮ ಚಹಾ ಕೊಟ್ಟಿದ್ದು ಕಾಗದದ ಕಪ್ಪಿನಲ್ಲಿ. ಮನೆಯವರಿಗೆಲ್ಲ ಸ್ಟೀಲ್ ಲೋಟ. “ಕುಡದು ಹೊರಗ ಒಗದು ಬಿಡವ್ವ” ಅಂದಳಂತೆ, ನಗುನಗುತ್ತಾ. ಆ ನಗೆಗಿಂತ ಇಲಿ ಉಚ್ಚೆ ವಾಸಿ.

ಆದರೂ ಲೈನು ಜೀವ ಹಿಡಿಯಲಿಲ್ಲ. ಗೋಡೆಯಲ್ಲಿ ಹಾಯಿಸಿದ್ದು ಟಿವಿ ಕೇಬಲಿನಂಥ ಹಳೆ ಕಾಲದ ದುಂಡು ವೈರು. ಅದರ ಗುಣವೇ ಬೇರೆ. ಒಂದೇ ವೈರು ಎಲ್ಲವನ್ನೂ ಪೋಣಿಸಿಕೊಂಡು ಹೋಗುತ್ತದೆ, ಎರಡೂ ತುದಿಗೆ ಬೆರಳಿನುಗುರಿನಷ್ಟು ಹಿತ್ತಾಳೆ ಟೋಪಿ ಕೂತಿರಬೇಕು. ಒಂದು ಟೋಪಿ ಬಿದ್ದರೂ ಇಡೀ ಸಾಲು ಮೂಕ. ಈ ಕಡೆಯ ತುದಿ ಸರಿಯಿತ್ತು. ಆ ಕಡೆಯ ತುದಿ ಗೋಡೆ ತೂರಿ ಹಿಂದಿನ ಖೋಲಿಗೆ ಹೋಗಿತ್ತು. ಆ ಖೋಲಿಗೆ ಬೀಗ.

“ಬೀಗ ತೆಗೀರಿ ಅಂದೆ. ಆ ಖೋಲಿ ಸುದ್ದಿ ಬ್ಯಾಡ ಅಂದ್ರು” ಅಂದಳು ಪರಿಮಳಾ.

ತಾಯಪ್ಪ ನಿಂತ. ಬ್ಯಾಟರಿ ಆರಿಸಿದ.

“ನಮ್ಮ ಕೇರಿ ಮೋನಮ್ಮ ಅಲ್ಲೇ ಸತ್ತಿದ್ದು” ಅಂದ.

ಪರಿಮಳಾಗೆ ಹೆಸರು ಗೊತ್ತಿತ್ತು, ಸಂಗತಿ ಗೊತ್ತಿರಲಿಲ್ಲ. ಅವನು ಬಾವಿ ಕಟ್ಟೆಯ ಹತ್ತಿರವೇ ಗುಸುಗುಸು ಹೇಳಿದ. ಇಪ್ಪತ್ತು ವರ್ಷದ ಹಿಂದೆ ಸಾಹುಕಾರನ ಅಪ್ಪ ಕ್ಲಾಸು ನಡೆಸುತ್ತಿದ್ದಾಗ ಮುಂದಿನ ಹಾಲಿನಲ್ಲಿ ಆರು ಕಂಪ್ಯೂಟರು. ಕೇರಿಯ ಮಕ್ಕಳಿಗೆಂದು ಹಿಂದಿನ ಖೋಲಿಯಲ್ಲಿ ಏಳನೆಯದು. ವೈರು ಒಂದೇ, ಕೂಡುವ ಜಾಗ ಬೇರೆ. ಅಲ್ಲಿ ಮೋನಮ್ಮ ಒಬ್ಬಳೇ ಕೂತು ಕಲಿಯುತ್ತಿದ್ದಳು. ಒಂದು ಮಧ್ಯಾಹ್ನ ಅಲ್ಲಿ ಒಟ್ಟಿದ್ದ ಗೋಣಿ ಚೀಲಗಳ ಸಂದಿಯಿಂದ ಹಾವು ಬಂದು ಕಡಿಯಿತು.

“ಎತ್ರಿ, ಎತ್ರಿ ಅಂತ ಒದರಿದಳು. ಬಾಗಿಲಾಗ ಇಪ್ಪತ್ತು ಮಂದಿ ನಿಂತಿದ್ರು. ಒಬ್ಬನೂ ಮುಟ್ಟಲಿಲ್ಲ. ಇವರ ಮಂದಿ ಬರ್ಲಿ ಅಂದ್ರು. ಅವರಪ್ಪ ಹೊಲದಿಂದ ಬರೂದ್ರಾಗ…”

ಪರಿಮಳಾ ಕಾರಿ ಉಗಿದಳು. ಬಾವಿಯೊಳಗೆ ಏನೋ ‘ಪಳಕ್’ ಅಂತು.

ಆಗಲೇ ಆ ಸದ್ದು ಬಂದದ್ದು. ಹಿಂದಿನಿಂದ, ಕ್ಲಾಸಿನ ಕಡೆಯಿಂದ.

ಚರ್ರ್‌… ಚರ್ರ್‌… ಕಟಕ್. ಚರ್ರ್‌… ಚರ್ರ್‌… ಕಟಕ್.

ಸೂಜಿ ಬಡಿಯುವ ಹಳೆ ಪ್ರಿಂಟರು. ಬೇರೆ ಯಾವುದಕ್ಕೂ ಆ ಸದ್ದಿಲ್ಲ.

“ಮೇನ್ ಆಫ್ ಮಾಡಿ ಬಂದೀನಣ್ಣ” ಅಂದಳು.

“ಹೋಗಾಮ ನಡಿ. ತಿರುಗಿ ನೋಡಬ್ಯಾಡ.”

“ಬೆಳತನಕ ಕರೆಂಟ್ ಉರದ್ರ ಕೆಲಸ ಹೋದಂಗ.” ಅವಳು ತಿರುಗಿ ನಡೆದೇ ಬಿಟ್ಟಳು. ಅವನು ಬೈಯುತ್ತಾ ಬೆನ್ನು ಹತ್ತಿದ.

ಕೀಲಿ ತಿರುವುತ್ತಿದ್ದ ಹಾಗೆ ಸದ್ದು ನಿಂತಿತು. ಒಳಗೆ ಮೇನ್ ಸ್ವಿಚ್ಚು ಮೇಲಿತ್ತು. ಆರೂ ಪರದೆ ಉರಿಯುತ್ತಿದ್ದವು. ಪ್ರಿಂಟರಿನ ಬಾಯಿಂದ ಕಾಗದ ನೆಲದವರೆಗೆ ಇಳಿದಿತ್ತು, ಮುಟ್ಟಿದರೆ ಬೆಚ್ಚಗೆ. ಯಾವ ಕಂಪ್ಯೂಟರಿನಿಂದ ಬಂತೆಂದು ತಿಳಿಯಲಿ ಅಂತ ಪ್ರತಿ ಹಾಳೆಯ ನೆತ್ತಿಗೆ ನಂಬರು ಬೀಳುವ ಹಾಗೆ ಪರಿಮಳಾನೇ ಮಾಡಿಟ್ಟಿದ್ದಳು. ಒಂದರಿಂದ ಆರು. ಈ ಹಾಳೆಯ ನೆತ್ತಿಯ ಮೇಲೆ ಏಳು.

ಕೆಳಗೆ ಒಂದೇ ಮಾತು, ಸಾಲಿನ ಮೇಲೆ ಸಾಲು, ಒಂದೂ ತಪ್ಪಿಲ್ಲದೆ.

ಎತ್ರಿ. ಎತ್ರಿ. ಎತ್ರಿ.

“ಪರಿಮಳಾ…” ತಾಯಪ್ಪ ಅವಳ ತೋಳು ಜಗ್ಗಿದ.

ಅವಳು ಒಂದನೇ ಕಂಪ್ಯೂಟರಿನ ಮುಂದೆ ಬಗ್ಗಿ ನೋಡಿದಳು. ಸಂಜೆಯಿಡೀ ಮೂಕವಾಗಿದ್ದ ಲೈನು ಮಾತಾಡುತ್ತಿತ್ತು. ಆರೂ ಒಂದಕ್ಕೊಂದು ಕಾಣುತ್ತಿದ್ದವು.

ಹಿಂದಿನ ಖೋಲಿಯ ಬೀಗ ಚಿಲಕದಲ್ಲಿ ತೆರೆದು ನೇತಾಡುತ್ತಿತ್ತು. ಬಾಗಿಲು ತಳ್ಳಿದಳು. ಕೊಳೆತ ಗೋಣಿ, ಬಾವಲಿ ಹಿಕ್ಕೆ, ಅದರಡಿಯಲ್ಲಿ ಇನ್ನೇನೋ ಸಿಹಿ ಸಿಹಿ ನಾತ… ಓಢಣಿ ಮೂಗಿಗೆ ಒತ್ತಿಕೊಂಡಳು. ಸ್ಟೂಲಿನ ಮೇಲೆ ಏಳನೇ ಕಂಪ್ಯೂಟರು. ಅದರ ಕರೆಂಟಿನ ವೈರು ಇಲಿ ಕಡಿದು ತುಂಡಾಗಿ ನೆಲದ ಮೇಲಿತ್ತು. ಪಕ್ಕದಲ್ಲಿ ದುಂಡು ವೈರಿನ ತುದಿ, ತುದಿಗೆ ಕಿಲುಬು ಹಿಡಿದ ಟೋಪಿ.

ಬೆರಳು ತಾಗಿಸಿದಳು. ತಣ್ಣಗೆ, ಬೆವರು ಬಂದ ಕೈಯ ಹಾಗೆ ಒದ್ದೆ. ಟೋಪಿ ಉದುರಿತು. ಟಿಣ್…

“ಹೋತು!” ಹಾಲಿನಿಂದ ತಾಯಪ್ಪ ಕೂಗಿದ.

ಒತ್ತಿ ಹಿಡಿದಳು. “ಬಂತು!”

ಬಿಟ್ಟಳು. ಟಿಣ್. “ಹೋತು!”

ಟೋಪಿಯೊಳಗಿನ ಹಲ್ಲು ಸವೆದು ಹೋಗಿತ್ತು. ಯಾರಾದರೂ ಒತ್ತಿ ಹಿಡಿದರೆ ಮಾತ್ರ ನಿಲ್ಲುತ್ತಿತ್ತು. ಈ ರಾತ್ರಿಯಲ್ಲಿ ಹೊಸ ಟೋಪಿ ಎಲ್ಲಿಂದ ತರುವುದು? ಪರಿಮಳಾ ಎದ್ದು ಎರಡು ಹೆಜ್ಜೆ ಹಿಂದೆ ಸರಿದಳು. ಕತ್ತಲಲ್ಲಿ ಹಿತ್ತಾಳೆ ಕಲ್ಲಿಗೆ ಸವರಿದ ಸದ್ದು. ಸರಕ್… ಟಕ್.

“ಬಂತು ನೋಡು! ಹಿಡದೀ ಏನವ್ವ?”

ಅವಳ ಎರಡೂ ಕೈ ಓಢಣಿಯಲ್ಲಿದ್ದವು.

“ಹೂಂ… ಹಿಡದೀನಿ” ಅಂದಳು.

ಬೆಳಿಗ್ಗೆ ಯಾದಗಿರಿಯ ಬಸವಂತ್ರಾಯ ಸಾಹೇಬರು ಬಂದರು. ಒಂದೊಂದೇ ಕಂಪ್ಯೂಟರಿನ ಮುಂದೆ ಕೂತು ನೋಡಿದರು. ಒಂದು, ಎರಡು, ಮೂರು ಹಾಳೆ ಬಂದವು. ಸಾಹುಕಾರ ಮೀಸೆಯಲ್ಲೇ ನಕ್ಕ. ಅಷ್ಟರಲ್ಲಿ ಅವನ ಕಣ್ಣು ತೆರೆದಿದ್ದ ಹಿಂದಿನ ಖೋಲಿಯ ಬಾಗಿಲಿನ ಮೇಲೆ ಬಿತ್ತು.

“ಇದನ್ಯಾಕ ತೆಗದಿ?” ಹಲ್ಲು ಕಚ್ಚಿ ಪಿಸುಗುಟ್ಟಿದ. ಕಾಲಿನಿಂದ ಬಾಗಿಲು ಒದ್ದ. ಒಳಗೆ ಟಿಣ್ ಅಂತು. ಆರೂ ಒಟ್ಟಿಗೆ ನಿಂತವು.

“ಏನ್ರೀ ಇದು?” ಅಂದರು ಸಾಹೇಬರು.

“ಆ ತುದಿ ಯಾರಾರ ಹಿಡೀಬೇಕ್ರಿ ಸರ್. ಟೋಪಿ ಸವದೈತಿ” ಅಂದಳು ಪರಿಮಳಾ.

“ಹೋಗಿ ಹಿಡಿ ಮತ್ತ” ಅಂದ ಸಾಹುಕಾರ. “ಆ ಖೋಲಿ ನಿಮ್ಮ ಮಂದೀದೇ ಅಲ್ಲೇನು.”

ಅವನ ಮೈಯಿಂದ ಊದುಬತ್ತಿ ವಾಸನೆ ಬರುತ್ತಿತ್ತು. ಅವಳಿಗೆ ಅದೇ ಹೆಚ್ಚು ಹೇಸಿಗೆ ಅನ್ನಿಸಿತು. “ನಾ ಒಳಗ ಕುಂತ್ರ ಹೊರಗ ಆಪಲ್ಲು, ಲಿನಕ್ಸು ನೀವು ನಡಸ್ತೀರೇನ್ರಿ ಸಾಹುಕಾರ್ರ?” ಅಂದಳು, ಎಲ್ಲರಿಗೂ ಕೇಳುವ ಹಾಗೆ.

ಸಾಹೇಬರು ಗಡಿಯಾರ ನೋಡಿಕೊಂಡರು. “ಯಾರಾರ ಹಿಡೀರಿ. ನಾ ಇನ್ನೂ ಸುರಪುರಕ್ಕ ಹೋಗಬೇಕು.”

ಸಾಹುಕಾರ ಮೂಗಿಗೆ ಟವೆಲು ಒತ್ತಿಕೊಂಡು ಒಳಗೆ ಹೋದ. ಲೈನು ಬಂತು. ನಾಲ್ಕು, ಐದು, ಆರು. ಸಾಹೇಬರು ಸಹಿ ಹಾಕಿದರು.

“ಬರ್ರಿ ಹೊರಗ, ಮುಗೀತು” ಅಂತ ಸೂಗಮ್ಮ ಕರೆದಳು.

ಅವನು ಬರಲಿಲ್ಲ.

“ಬಿಡಸ್ರಿ…” ಒಳಗಿನಿಂದ ಸಣ್ಣ ದನಿ. “ಕೈ ಬಿಡಸ್ರಿ…”

ಎಲ್ಲರೂ ಬಾಗಿಲಿಗೆ ಬಂದರು. ಮಬ್ಬಿನಲ್ಲಿ ಸಾಹುಕಾರ ಮೊಣಕಾಲೂರಿ ಕೂತಿದ್ದ. ಬಲಗೈ ನೆಲಕ್ಕೆ ಅಂಟಿದ ಹಾಗಿತ್ತು. ಎಡಗೈಯಿಂದ ಅದನ್ನು ಜಗ್ಗುತ್ತಿದ್ದ. ಮುಖದ ತುಂಬ ಬೆವರು.

“ಯಾರೋ ಹಿಡದಾರ… ಬಿಡಸ್ರೋ!”

ಸೂಗಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಹೊಸ್ತಿಲು ದಾಟಲಿಲ್ಲ. ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದರು. ಓಣಿಯ ಮಂದಿ ಓಡಿ ಬಂದರು, ಅವರೂ ಬಾಗಿಲಲ್ಲೇ. ಎಲ್ಲರೂ ನೋಡುತ್ತಾ ನಿಂತರು. ಒಬ್ಬನೂ ಮುಟ್ಟಲಿಲ್ಲ.

ಪರಿಮಳಾ ಆ ಮುಖಗಳನ್ನು ಒಂದೊಂದಾಗಿ ನೋಡಿದಳು. ಇಂಥ ಮಂದಿ ಮುಟ್ಟಿದರೂ ಅಷ್ಟೆ, ಬಿಟ್ಟರೂ ಅಷ್ಟೆ ಅನ್ನಿಸಿತು. ಆಮೇಲೆ ಒಳಗೆ ಹೋಗಿ ಅವನ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು.

“ಕೇರಿ ಮಕ್ಕಳು ನಾಳಿಯಿಂದ ಹಾಲಿನ್ಯಾಗ ಕೂಡ್ತಾರ. ನಾ ಕಲಸ್ತೀನಿ. ಹೂಂ ಅನ್ರಿ.”

“ಹೂಂ… ಹೂಂ…”

“ನನಗಲ್ಲ. ಆಕಿಗೆ ಹೇಳ್ರಿ.”

ಅವನು ನೆಲದ ಕಡೆ ನೋಡಿ “ಹೂಂನವ್ವ” ಅಂದ. ಅತ್ತುಬಿಟ್ಟ.

“ಬಿಡು ಮೋನಕ್ಕ” ಅಂದಳು ಪರಿಮಳಾ, ಮೆತ್ತಗೆ. ಸಾಹುಕಾರ ಧಡ್ಡನೆ ಹಿಂದಕ್ಕೆ ಬಿದ್ದ. ಅವಳೇ ರಟ್ಟೆ ಹಿಡಿದು ಎತ್ತಿ ಹೊರಗೆ ತಂದಳು.

ಸೋಮವಾರ ಅವಳು ಹೈದರಾಬಾದಿನ ಬಸ್ಸು ಹತ್ತಲಿಲ್ಲ. ಈಗಲೂ ಅಲ್ಲೇ ಕಲಿಸುತ್ತಾಳೆ. ಮಗಳು ಓಡಾಡುವ ಹಾಗಾಗಿದ್ದಾಳೆ, ಕ್ಲಾಸಿನ ಬೆಂಚಿನಡಿ ಆಡಿಕೊಂಡಿರುತ್ತಾಳೆ. ಲೈನಿಗೆ ಶಹಾಪುರದಿಂದ ಹೊಸ ಟೋಪಿ ತಂದು ಹಾಕಿದ್ದಾಳೆ.

ಸಾಹುಕಾರನನ್ನು ಕಲಬುರಗಿಯ ಡಾಕ್ಟರಿಗೂ ತೋರಿಸಿದರು. ಕೈಗೆ ಗಾಯವಿಲ್ಲ, ಬಾವು ಇಲ್ಲ, ನರ ಸರಿಯಿದೆ ಅಂದರು. ಆ ಕೈಯಿಂದಲೇ ಸಹಿ ಮಾಡುತ್ತಾನೆ, ಗಾಡಿ ಹೊಡೆಯುತ್ತಾನೆ, ಮಂದಿಗೆ ನಮಸ್ಕಾರ ಮಾಡುತ್ತಾನೆ. ಊಟಕ್ಕೆ ಕೂತಾಗ ಮಾತ್ರ ಮೋನಮ್ಮ ಮುಟ್ಟಿದ ಆ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾನೆ. ಯಾಕೆಂದು ಹೆಂಡತಿಗೂ ಹೇಳಿಲ್ಲ.

ಸುಳ್ಳು ಅನ್ನುವವರು ಕಕ್ಕೇರಾದ ಯಾವುದಾದರೂ ಮದುವೆ ಊಟಕ್ಕೆ ಹೋಗಿ ನೋಡಿರಿ. ಪಂಕ್ತಿಯ ಕಟ್ಟಕಡೆಗೆ ಕೂತಿರುತ್ತಾನೆ. ಎಡಗೈಯಿಂದ ಉಣ್ಣುತ್ತಾನೆ.